ಮಾವ ಹೇಳಿದ ಹದ

ಊಟವಾದ ಮೇಲೆ ಮಾವ ಒಂದೇ ಒಂದು ಮಾತು ಹೇಳುತ್ತಿದ್ದರು: "ಹದ." ಅದಕ್ಕಿಂತ ಹೆಚ್ಚಿನ ಹೊಗಳಿಕೆ ಅವರ ಬಾಯಿಂದ ಕಟ್ಟಿಕೊಂಡ ಹೆಂಡತಿಗೂ ಸಿಕ್ಕಿರಲಿಲ್ಲ. ಬ್ರೆಡ್ಡಿನ ಭಟ್ಟಿಯ ಮುಂದೆ ಆಯಸ್ಸು ಸವೆಸಿದ ಮನುಷ್ಯ ಅವರು. ಬೇಕರಿಯಲ್ಲಿ ನಾದಿಟ್ಟ ಹಿಟ್ಟಿಗೆ ಬೆರಳು ಒತ್ತಿ, ಬಿದ್ದ ಗುಳಿ ನಿಧಾನಕ್ಕೆ ಮೇಲೆದ್ದರೆ "ಹದ" ಅನ್ನುತ್ತಿದ್ದರಂತೆ. ಏಳದಿದ್ದರೆ ಏನೂ ಅನ್ನದೆ ಹಿಟ್ಟನ್ನು ನಾದುವವನ ಕಡೆಗೆ ತಳ್ಳುತ್ತಿದ್ದರಂತೆ. ಮನೆಯಲ್ಲೂ ಅದೇ ಕಾನೂನು. ಚೆನ್ನಾಗಿದ್ದರೆ ಹದ, ಇಲ್ಲದಿದ್ದರೆ ತಟ್ಟೆ ಮುಂದಕ್ಕೆ.

ಸೊಸೆಗೆ ಆ ಮಾತು ಮದುವೆಯಾದ ವಾರದಲ್ಲೇ ಸಿಕ್ಕಿತ್ತು. ಅವಳ ಕೈಗುಣವೇ ಅಂಥದ್ದು. ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳು ಅಡುಗೆಯವಳು. ಮಗು ಈಜಾಡಬಹುದಾದಂಥ ಪಾತ್ರೆಯ ಮುಂದೆ ನಿಂತು, ಮುಷ್ಟಿಯಲ್ಲಿ ಉಪ್ಪು ತೆಗೆದು, ತೂಗಿ ನೋಡಿದ ಹಾಗೆ ಕೈಯನ್ನು ಒಮ್ಮೆ ಅಲ್ಲಾಡಿಸಿ ಎರಚಿದಳೆಂದರೆ ಮುಗಿಯಿತು. ನಾಲಿಗೆಗೆ ಹಚ್ಚಿ ನೋಡುವ ಮಾತೇ ಇಲ್ಲ. "ರುಚಿ ನೋಡಿ ಅಡುಗೆ ಮಾಡೋರಿಗೆ ಕೈ ಮೇಲೆ ನಂಬಿಕೆ ಇರಲ್ಲ" ಅನ್ನುವುದು ಅವಳ ಜಂಬ. ಜಂಬಕ್ಕೆ ತಕ್ಕ ಕೈಯೂ ಇತ್ತು, ಹಾಗಾಗಿ ಯಾರೂ ಕೊಂಕು ತೆಗೆಯುತ್ತಿರಲಿಲ್ಲ.

ಇಂಥ ಮನೆಗೆ ಡಾಕ್ಟರು ಹೇಳಿಬಿಟ್ಟರು, ಉಪ್ಪು ಬಿಡಿ ಅಂತ.

ಮಾವನ ಪಾದ ಬಾತು ಚಪ್ಪಲಿ ಹಿಡಿಸದಂತಾಗಿತ್ತು. ಬೆಳಿಗ್ಗೆ ಎದ್ದರೆ ಕಣ್ಣಿನ ಕೆಳಗೂ ಬಾವು. ಸೊಸೆ ಮತ್ತು ಅವಳ ಗಂಡ ಇಬ್ಬರೂ ರಜ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಚುರುಕು.

"ಹಳೇ ಬಿ.ಪಿ. ಎರಡೂ ಕಿಡ್ನಿ ಕೆಡಿಸಿದೆ. ಉಪ್ಪು ಬೇಡ, ಉಪ್ಪಿನಕಾಯಿ ಬೇಡ. ನೀರು ದಿನಕ್ಕೆ ಒಂದು ಬಾಟ್ಲಿ ಅಷ್ಟೇ. ಮೊಟ್ಟೆ, ಮಾಂಸ, ಬೇಳೆ ಕಮ್ಮಿ ಮಾಡಿ. ತರಕಾರಿ ಹೆಚ್ಚಿ ನೆನೆಸಿ, ಬೇಯಿಸಿ, ನೀರು ಚೆಲ್ಲಿ ಕೊಡಿ. ಬಾಳೆಹಣ್ಣು, ಹಣ್ಣಿನ ರಸ ಬೇಡ. ಹೀಗೆ ನೋಡ್ಕೊಂಡ್ರೆ ಡಯಾಲಿಸಿಸ್ ಮಿಷನ್ನಿಗೆ ಹಾಕೋದನ್ನ ಸುಮಾರು ದಿನ ಮುಂದೂಡಬಹುದು."

"ಮತ್ತೆ ತಿನ್ನೋದೇನು ಸ್ವಾಮಿ?" ಅಂದರು ಮಾವ.

"ಉಳಿದಿದ್ದೆಲ್ಲ ತಿನ್ನಿ."

"ಉಳಿದಿದ್ದು ತಟ್ಟೆ ಒಂದೇ."

ಡಾಕ್ಟರು ನಕ್ಕರು. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು, ಇನ್ನೇನಾದರೂ ಕೇಳುವುದಕ್ಕೆ ಪುರುಸೊತ್ತೂ ಇರಲಿಲ್ಲ, ಕೇಳಬೇಕಾದ್ದು ಏನು ಎಂದು ಇವರಿಗೆ ತಿಳಿದೂ ಇರಲಿಲ್ಲ. ದಾರಿಯುದ್ದಕ್ಕೂ ಸೊಸೆ ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಂಡು ಬಂದಳು. ಮಿಷನ್ನಿಗೆ ಹಾಕಿಸಬಾರದು, ಅಷ್ಟೇ. ಇಡೀ ಕಾರ್ಖಾನೆಗೆ ಉಣಿಸುವವಳಿಗೆ ಒಂದು ಹೊಟ್ಟೆ ನೋಡಿಕೊಳ್ಳುವುದೇನು ಮಹಾ ಎಂಬ ಧೈರ್ಯ ಅವಳಿಗಿತ್ತು.

ಮೊದಲ ದಿನ ಹೂಕೋಸು ಬೇಯಿಸಿ, ನೀರು ಚೆಲ್ಲಿ, ಎಣ್ಣೆಯಲ್ಲಿ ಬಾಡಿಸಿ ಅನ್ನದ ಪಕ್ಕ ಬಡಿಸಿದಳು. ಮಾವ ಒಂದು ತುತ್ತು ಬಾಯಿಗಿಟ್ಟು ತಲೆ ಎತ್ತಿದರು.

"ಇದೇನಮ್ಮಾ?"

"ಹೂಕೋಸು ಮಾವ."

"ಯಾವಾಗ ತೀರಿಕೊಂಡಿತು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ತಟ್ಟೆ ಮಾತ್ರ ಮುಂದಕ್ಕೆ ಬಂತು.

ಭಟ್ಟಿ ಕೆಲಸದವರಿಗೆ ಉಪ್ಪು ಬರೀ ರುಚಿಯಲ್ಲ. ಬೆಂಕಿಯ ಮುಂದೆ ಬೆವರು ಹರಿದು ತಲೆ ಸುತ್ತಬಾರದೆಂದು, ಪ್ರತಿ ಸಲ ಭಟ್ಟಿ ತುಂಬುವ ಮುಂಚೆ ಒಂದು ಚಿಟಿಕೆ ಉಪ್ಪನ್ನು ನಾಲಿಗೆ ಮೇಲಿಟ್ಟುಕೊಂಡು ಒಂದು ಚೊಂಬು ನೀರು ಕುಡಿಯುವುದು ಅವರ ರೂಢಿ. ಕೆಲಸ ಬಿಟ್ಟರೂ ನಾಲಿಗೆ ಅದನ್ನು ಬಿಟ್ಟಿರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಜನ ತಪ್ಪು ಮಾಡಿದವರ ಬಗ್ಗೆ ಹೇಳುತ್ತಾರೆ. ಮಾವನ ಮಟ್ಟಿಗೆ ಅದು ದಿನಚರಿಯಾಗಿತ್ತು. ಈಗ ಎರಡಕ್ಕೂ ಬೀಗ.

"ಎಲ್ರೂ ಸಪ್ಪೆ ತಿನ್ನೋಣ," ಅಂದಳು ಸೊಸೆಯ ಮಗಳು. ಹೈಸ್ಕೂಲು ಮುಗಿಸುತ್ತಿದ್ದ ಅವಳಿಗೆ ಮನೆಯಲ್ಲಿ ಇಟ್ಟ ಹೆಸರು ಲಾಯರಮ್ಮ. "ತಾತ ಒಬ್ರೇ ತಿಂದ್ರೆ ಅವರಿಗೆ ಶಿಕ್ಷೆ ಅನ್ಸುತ್ತೆ."

"ನಾನು ಬೆಳಿಗ್ಗೆಯಿಂದ ಸ್ಕೂಲ್ ವ್ಯಾನ್ ಓಡಿಸ್ಬೇಕು," ಅಂದ ಗಂಡ. "ಸಪ್ಪೆ ತಿಂದು ಮಕ್ಕಳ ಗಲಾಟೆ ತಡ್ಕೊಳ್ಳೋಕಾಗುತ್ತಾ?"

"ಅಪ್ಪ, ನಿಮಗೂ ಬಿ.ಪಿ. ಇದೆ."

"ನಿನ್ನಂಥ ಮಗಳಿದ್ರೆ ಯಾರಿಗಿರಲ್ಲ?"

ಮೂರನೇ ದಿನ ಲಾಯರಮ್ಮನೇ ಕೇಸು ಹಿಂತೆಗೆದುಕೊಂಡಳು. ಸ್ಕೂಲಿನ ಚೀಲದಲ್ಲಿ ಖಾರದ ಕಡಲೆ ಪೊಟ್ಟಣ ಸಿಕ್ಕಿತ್ತು. ಅಲ್ಲಿಂದ ಒಂದು ಮನೆ, ಎರಡು ಒಲೆ. ಮಾವನದು ಸಪ್ಪೆ, ಉಳಿದವರದು ಉಪ್ಪು. ಸೊಸೆ ಕ್ಯಾಂಟೀನಿಗೆ ಹೋಗುವ ಮುಂಚೆ ಎರಡು ಸಲ ಹೆಚ್ಚಿ, ಎರಡು ಸಲ ನೆನೆಸಿ, ಎರಡು ಸಲ ಪಾತ್ರೆ ತೊಳೆಯಬೇಕಾಯಿತು.

ಮೂರು ವಾರ ಕಳೆಯುವುದರೊಳಗೆ ಮಾವನ ಕಳ್ಳತನ ಹೊರಬಿತ್ತು. ಕನ್ನಡಕ ಹುಡುಕುತ್ತಿದ್ದ ಲಾಯರಮ್ಮ ಅದರ ಡಬ್ಬಿ ತೆರೆದರೆ ಒಳಗೆ ತುಂಬಾ ಉಪ್ಪು.

"ತಾತ! ಇದೇನಿದು?"

"ಕಣ್ಣು ಮಂಜಾಗಿದೆ ಅಂತ ಇಟ್ಕೊಂಡಿದ್ದೆ."

"ಉಪ್ಪು ಹಾಕಿದ್ರೆ ಕಣ್ಣು ಕಾಣುತ್ತಾ?"

"ನಾಲಿಗೆ ಮೇಲೆ ಹಾಕಿದ್ರೆ ಎಲ್ಲಾ ಕಾಣುತ್ತೆ," ಅಂದರು ಮಾವ.

ಗಂಡನಿಗೆ ಸಿಟ್ಟು ನೆತ್ತಿಗೇರಿತು. "ನಿಮಗೋಸ್ಕರ ಅವಳು ಎರಡೆರಡು ಅಡುಗೆ ಮಾಡಿ ಸಾಯ್ತಿದ್ದಾಳೆ. ನೀವು ಕಳ್ಳನ ಹಾಗೆ ಉಪ್ಪು ಮುಕ್ತಿದ್ದೀರಾ? ನಾಳೆ ಮಿಷನ್ನಿಗೆ ಹಾಕಿದ್ರೆ ವಾರಕ್ಕೆ ಎರಡು ದಿನ ವ್ಯಾನ್ ನಿಲ್ಲಿಸಿ ನಾನೇ ಕೂರ್ಬೇಕು ಅಲ್ಲಿ!"

"ಕೂರ್ಬೇಡ. ನಾನು ಒಬ್ನೇ ಹೋಗಿ ಸಾಯ್ತೀನಿ."

"ಸಾಯೋ ಮಾತು ಯಾಕ್ರೀ ಇಬ್ರೂ ಆಡೋದು?" ಅಂದಳು ಸೊಸೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಮರುದಿನದಿಂದ ಉಪ್ಪಿನ ಡಬ್ಬಿ ಅವಳ ಕೈಚೀಲದಲ್ಲಿ ಕ್ಯಾಂಟೀನಿಗೆ ಹೋಗಿ ಸಂಜೆ ಅವಳ ಜೊತೆ ಮನೆಗೆ ಬರತೊಡಗಿತು. ಅಡುಗೆಯವಳು ಉಪ್ಪು ಹೊತ್ತುಕೊಂಡು ತಿರುಗುತ್ತಾಳೆ ಎಂದು ಗೇಟಿನ ಕಾವಲುಗಾರ ನಗಾಡಿದ.

ಕಳ್ಳದಾರಿ ಮುಚ್ಚಿದ ಮೇಲೆ ಮಾವ ಊಟವನ್ನೇ ಬಿಟ್ಟರು. ಹಠವಲ್ಲ, ಬೇಕೆಂದು ಮಾಡಿದ್ದೂ ಅಲ್ಲ. ಬಾಯಿಗೆ ಇಟ್ಟರೆ ತುತ್ತು ಒಳಗಿಳಿಯುತ್ತಿರಲಿಲ್ಲ. "ಸಪ್ಪೆ," ಅನ್ನುತ್ತಿದ್ದರು, ತಟ್ಟೆ ಮುಂದಕ್ಕೆ. ಬೆಳಿಗ್ಗೆ ಸಪ್ಪೆ, ಸಂಜೆ ಸಪ್ಪೆ. ಮೊಳೆಗೆ ನೇತುಹಾಕಿದಂತೆ ಬನಿಯನ್ ಹೆಗಲಿನ ಮೇಲೆ ಜೋತಾಡತೊಡಗಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಆ ಮನೆಯಲ್ಲಿ ಊಟವೂ ನಿಂತಿತ್ತು, ಮಾತೂ ಕೆಟ್ಟಿತ್ತು.

ಭಾನುವಾರ ನಾದಿನಿ ಬಂದಳು. ಊರಿನ ಆಚೆ ತುದಿಯಲ್ಲಿ ಅವಳ ಸಂಸಾರ. ಅಪ್ಪನ ಕೈ ಹಿಡಿದು ನೋಡಿದವಳೇ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

"ಅತ್ತಿಗೆ, ಊರಿಗೆಲ್ಲ ಬಡಿಸ್ತೀರಾ. ನಮ್ಮಪ್ಪನ ಮೂಳೆ ಎಣಿಸಬಹುದು, ಹಾಗಾಗಿದ್ದಾರೆ."

"ಡಾಕ್ಟ್ರು ಹೇಳಿದ ಹಾಗೇ ಮಾಡ್ತಿದ್ದೀನಿ."

"ಉಪವಾಸ ಕೆಡವಿ ಅಂತ ಹೇಳಿದ್ರಾ ಡಾಕ್ಟ್ರು?"

"ಹಾಗಾದ್ರೆ ನೀನೇ ಕರ್ಕೊಂಡೋಗಿ ನಾಲ್ಕು ದಿನ ನೋಡ್ಕೋ."

"ನಮ್ಮನೇಲಿ ಜಾಗ ಎಲ್ಲಿದೆ ಅತ್ತಿಗೆ," ಅಂದಳು ನಾದಿನಿ, ಒಮ್ಮೆಗೇ ಮೆತ್ತಗಾಗಿ. ಆಮೇಲೆ ಇಬ್ಬರೂ ಒಂದೇ ಮಣೆಯ ಮುಂದೆ ಕೂತು ಬೀನ್ಸಿನ ನಾರು ತೆಗೆದರು.

ಆ ಮಾತು ಮಾತ್ರ ಸೊಸೆಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಮರುದಿನ ಕ್ಯಾಂಟೀನಿನಿಂದ ಬರುವಾಗ ದಿನಸಿ ಅಂಗಡಿಯವನ ಮುಂದೆ ಕಷ್ಟ ತೋಡಿಕೊಂಡಳು. ಅವನು ಮೇಲಿನ ಅರೆಯಿಂದ ಒಂದು ಪ್ಯಾಕೆಟ್ಟು ಇಳಿಸಿದ.

"ಬಿ.ಪಿ. ಇರೋರ ಮನೆಗೆಲ್ಲ ಇದೇ ಹೋಗೋದು ಅಕ್ಕ. ಉಪ್ಪಿನ ಹಾಗೇ ಇರುತ್ತೆ, ಉಪ್ಪಿನ ಕಾಟ ಇಲ್ಲ. ಸ್ವಲ್ಪ ಮುಂದಾಗೇ ಹಾಕಿ, ಖಾರ-ಉಪ್ಪು ತಿಂದ ನಾಲಿಗೆಗೆ ಇದು ಸಾಲಲ್ಲ."

ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಅಂದುಕೊಂಡಳು ಸೊಸೆ. ಮನೆಗೆ ಬಂದು ಕೈಕಾಲು ಕೂಡ ತೊಳೆಯದೆ ಒಲೆ ಹಚ್ಚಿದಳು. ಆಲೂಗಡ್ಡೆ ಹೆಚ್ಚಿ ನೆನೆಸಿ, ಬೇಯಿಸಿ, ನೀರು ಚೆಲ್ಲಿ, ಮತ್ತೆ ಬೇಯಿಸಿ, ಮತ್ತೆ ಚೆಲ್ಲಿದಳು. ಡಾಕ್ಟರು ಹೇಳಿದ್ದರಲ್ಲಿ ಒಂದಿಷ್ಟೂ ತಪ್ಪಬಾರದು. ಕೊನೆಗೆ ಹೊಸ ಉಪ್ಪನ್ನು ಕೈಯಲ್ಲಿ ತೂಗಿ ಎರಚಿದಳು, ಮೇಲೆ ಇನ್ನೊಂದಿಷ್ಟು. ಎಂದಿನ ಹಾಗೆ ರುಚಿ ನೋಡಲಿಲ್ಲ.

ಮಾವ ಮೊದಲ ತುತ್ತು ಬಾಯಿಗಿಟ್ಟು ಅರೆಗಳಿಗೆ ತಡೆದರು. ಎದುರಿಗೆ ಸೊಸೆ ಸೌಟು ಹಿಡಿದುಕೊಂಡು ನಿಂತಿದ್ದಳು. ಅವಳನ್ನೇ ನೋಡುತ್ತ ನಿಧಾನವಾಗಿ ಅಗಿದು ನುಂಗಿದರು.

"ಹದ," ಅಂದರು.

ಸೊಸೆ ಒಳಗೆ ಹೋಗಿ ನಲ್ಲಿ ಬಿಟ್ಟು, ಅದರ ಸದ್ದಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ಸಂತೋಷವಾಗಿತ್ತು ಅವಳಿಗೆ.

ಅದಾದ ಮೇಲಿನ ವಾರಗಳು ಚೆನ್ನಾಗಿದ್ದವು. ಮಾವ ತಟ್ಟೆ ಖಾಲಿ ಮಾಡುತ್ತಿದ್ದರು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬೀದಿಯವರ ಜೊತೆ ಹರಟುತ್ತಿದ್ದರು. ಗಂಡನಿಗೆ ಉಪ್ಪಿನ ಡಬ್ಬಿ ವಾಪಸ್ಸು ಬಂತು. ನಾದಿನಿ ಫೋನಿನಲ್ಲಿ, "ಅತ್ತಿಗೆ, ನಾನು ಅವತ್ತು ಹಾಗೆ ಅನ್ನಬಾರದಿತ್ತು" ಅಂದಳು. ಲಾಯರಮ್ಮನಿಗೆ ಮಾತ್ರ ಸಂಶಯ.

"ಅಮ್ಮ, ಇದು ಉಪ್ಪಲ್ಲ ಅಂದ್ರೆ ಮತ್ತೇನು?"

"ಉಪ್ಪೇ, ಆದ್ರೆ ಉಪ್ಪಲ್ಲ."

"ಅದು ಹೇಗೆ?"

"ನಿಮ್ಮಪ್ಪ ಇಲ್ವಾ? ಮನೆ ಯಜಮಾನ, ಆದ್ರೆ ಯಜಮಾನ ಅಲ್ಲ. ಹಾಗೆ."

ಮಾವ ನಕ್ಕು ನಕ್ಕು ಕೆಮ್ಮಿದರು. ಆ ನಗುವನ್ನು ನೋಡಿ ಸೊಸೆಗೆ, ಮಿಷನ್ನು ಇನ್ನೂ ಬಹಳ ದೂರವಿದೆ ಅನ್ನಿಸಿತು.

ಒಂದು ಬೆಳಿಗ್ಗೆ ಗಂಡ ವ್ಯಾನಿನಲ್ಲಿ ಮಕ್ಕಳನ್ನು ತುಂಬಿಕೊಂಡು, ಮರೆತುಹೋದ ಊಟದ ಡಬ್ಬಿಗೆಂದು ಮನೆಯ ಮುಂದೆ ನಿಲ್ಲಿಸಿದ್ದ. ಒಳಗೆ ಮಾವ ಮಂಚದಿಂದ ಏಳಲು ಹೋಗಿ ಹಾಗೇ ನೆಲಕ್ಕೆ ಜಾರಿದರು. ಸೊಸೆ ಓಡಿ ಬಂದಳು.

"ಕಾಲು ನನ್ನ ಮಾತು ಕೇಳ್ತಿಲ್ಲ ಮಗಳೇ," ಅಂದರು. ಕೈಯೂ ಕೇಳುತ್ತಿರಲಿಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ವ್ಯಾನು ಸ್ಕೂಲಿನ ದಾರಿ ಬಿಟ್ಟು ಆಸ್ಪತ್ರೆಯ ದಾರಿ ಹಿಡಿಯಿತು. ಮುಂದಿನ ಸೀಟಿನಲ್ಲಿ ಮಾವನ ತಲೆ ಸೊಸೆಯ ಹೆಗಲಿಗೆ ವಾಲಿತ್ತು. ಹಿಂದೆ ಚೀಲ ತಬ್ಬಿಕೊಂಡ ಮಕ್ಕಳು ಎಂದೂ ಇಲ್ಲದಷ್ಟು ಸುಮ್ಮನಿದ್ದರು. ಒಂದು ಪುಟ್ಟ ಹುಡುಗಿ, "ಅಂಕಲ್, ತಾತಂಗೆ ನಿದ್ದೆ ಬಂದಿದೆಯಾ?" ಅಂತ ಕೇಳಿದಳು. ಗಂಡ ಹಾರ್ನ್ ಒತ್ತಿದ.

ಎದೆಗೆ ತಂತಿ ಹಚ್ಚಿ, ಚುಚ್ಚುಮದ್ದು ಕೊಟ್ಟು, ಮಾವನನ್ನು ಒಳಗೆ ಕರೆದುಕೊಂಡು ಹೋದರು. ಸುಮಾರು ಹೊತ್ತಾದ ಮೇಲೆ ಅದೇ ಚಿಕ್ಕ ವಯಸ್ಸಿನ ಡಾಕ್ಟರು ಹೊರಗೆ ಬಂದರು.

"ಬಾಳೆಹಣ್ಣು ಕೊಟ್ರಾ?"

"ಇಲ್ಲ."

"ಹಣ್ಣಿನ ರಸ?"

"ಒಂದು ತೊಟ್ಟೂ ಇಲ್ಲ."

"ತರಕಾರಿ ನೀರು ಚೆಲ್ತಿದ್ರಾ?"

"ಎರಡೆರಡು ಸಲ ಚೆಲ್ತಿದ್ದೆ."

"ಮತ್ತೆ ರಕ್ತದಲ್ಲಿ ಇಷ್ಟೊಂದು ಪೊಟ್ಯಾಸಿಯಂ ಎಲ್ಲಿಂದ ಬಂತು? ಇನ್ನು ಸ್ವಲ್ಪ ತಡ ಆಗಿದ್ರೆ ಹೃದಯ ನಿಂತೇ ಹೋಗ್ತಿತ್ತು."

ಸೊಸೆಗೆ ಆ ಹೊತ್ತಿನಲ್ಲೂ ತಾನು ಪಟ್ಟ ಪಾಡು ಹೇಳಿಕೊಳ್ಳಬೇಕೆನಿಸಿತು. "ಉಪ್ಪನ್ನೂ ಪೂರ್ತಿ ಬಿಡಿಸಿದ್ದೀನಿ ಡಾಕ್ಟ್ರೇ. ಬಿ.ಪಿ.ಯವರ ಉಪ್ಪು ಬರುತ್ತಲ್ಲ, ಅದನ್ನೇ ಹಾಕ್ತಿದ್ದೆ."

ಡಾಕ್ಟರು ಕೈಯಲ್ಲಿದ್ದ ರಿಪೋರ್ಟನ್ನು ಮಡಿಸಿದರು. ಮಾತಾಡಿದಾಗ ಎಂದಿನ ಚುರುಕು ಇರಲಿಲ್ಲ.

"ಅಮ್ಮಾ, ಆ ಉಪ್ಪೇ ಪೊಟ್ಯಾಸಿಯಂ. ಬಿ.ಪಿ. ಮಾತ್ರ ಇರೋರಿಗೆ ಸರಿ. ಕಿಡ್ನಿ ಕೆಟ್ಟೋರ ಮೈಯಿಂದ ಅದು ಆಚೆ ಹೋಗಲ್ಲ. ತರಕಾರಿ ನೀರಿನ ಜೊತೆ ಚೆಲ್ಲಿದ್ದನ್ನೇ ಕೈಯಾರೆ ತುಂಬಿ ಹಾಕಿದ್ದೀರಿ."

"ನೀವು ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ."

ಎರಡೂ ನಿಜವೇ. ಪ್ಯಾಕೆಟ್ಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅದನ್ನು ಬರೆದೂ ಇತ್ತೆಂದು ಆಮೇಲೆ ಲಾಯರಮ್ಮ ಓದಿ ಹೇಳಿದಳು. ಆಮೇಲೆ ಓದುವುದಕ್ಕೇನು, ಎಲ್ಲರಿಗೂ ಓದು ಬರುತ್ತದೆ.

ನಾದಿನಿ ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂಗಾಡಿದಳು. "ಊಟದಲ್ಲಿ ವಿಷ ಹಾಕಿದ್ರಲ್ಲ ಅತ್ತಿಗೆ!" ಅಂದಳು. ಸೊಸೆ ಅದನ್ನು ತಡೆದುಕೊಂಡಳು. ಗಂಡ ಹೆಂಡತಿಯ ಪರವಾಗಿಯೂ ಅನ್ನಲಿಲ್ಲ, ವಿರುದ್ಧವಾಗಿಯೂ ಅನ್ನಲಿಲ್ಲ; ವ್ಯಾನಿನ ಬೀಗದ ಕೈಯನ್ನು ಬೆರಳಿನಲ್ಲಿ ತಿರುಗಿಸುತ್ತ ನಿಂತ. ಅದನ್ನು ಅವಳಿಗೆ ತಡೆದುಕೊಳ್ಳಲು ಆಗಲಿಲ್ಲ.

ಮಾವ ಉಳಿದರು, ಆದರೆ ಮಿಷನ್ನಿಗೆ ಬಿದ್ದರು. ವಾರಕ್ಕೆ ಎರಡು ದಿನ ಮಕ್ಕಳನ್ನು ಸ್ಕೂಲಿಗೆ ಬಿಟ್ಟ ವ್ಯಾನು ಮಾವನನ್ನು ಆಸ್ಪತ್ರೆಗೆ ಬಿಡುತ್ತಿತ್ತು. ಮನೆಗೆ ಬಂದ ಮೇಲೆ ಹಿಂಡಿ ಹಾಕಿದ ಬಟ್ಟೆಯ ಹಾಗೆ ಮಲಗಿರುತ್ತಿದ್ದರು. ಆಸ್ಪತ್ರೆಯಲ್ಲಿ ಊಟದ ವಿಷಯ ಹೇಳುವ ಹೆಂಗಸು ಸೊಸೆಯನ್ನು ಕೂರಿಸಿಕೊಂಡು ಹೊಸ ಪಾಠ ಹೇಳಿದಳು.

"ಇನ್ನು ಮೇಲೆ ಮೊಟ್ಟೆ ಜಾಸ್ತಿ ಕೊಡಿ. ಮಿಷನ್ನಿಗೆ ಹಾಕಿದ ಮೇಲೆ ಮೈಯ ಸತ್ವ ಸೋರಿ ಹೋಗುತ್ತೆ. ತಿನ್ನದಿದ್ರೆ ನಿತ್ರಾಣ ಆಗ್ತಾರೆ, ಬಹಳ ದಿನ ತಡೆಯಲ್ಲ."

"ಮೊದಲು ಮೊಟ್ಟೆ ಕಮ್ಮಿ ಮಾಡಿ ಅಂದಿದ್ರಲ್ಲ?"

"ಅದು ಮೊದಲು."

"ಉಪ್ಪು?"

"ಉಪ್ಪು ಈಗಲೂ ಬೇಡ. ಯಾವ ಉಪ್ಪೂ ಬೇಡ."

ಮಾವನಿಗೆ ಇದನ್ನು ಹೇಳಿದಾಗ ಅವರು ದಿಂಬಿನ ಮೇಲಿಂದಲೇ, "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಅಂದರು. ಈಗ ಮೊಟ್ಟೆಯ ವಾಸನೆಗೇ ಅವರಿಗೆ ಹೊಟ್ಟೆ ತೊಳಸುತ್ತಿತ್ತು.

ಕ್ಯಾಂಟೀನಿನಲ್ಲಿ ಸೊಸೆಯ ಕೈ ಕೆಟ್ಟಿತು. ಉಪ್ಪಿನ ಡಬ್ಬಿಯ ಮೇಲೆ ಮುಷ್ಟಿ ಹಾಗೇ ನಿಂತುಬಿಡುತ್ತಿತ್ತು. ಒಂದು ದಿನ, "ಅಕ್ಕ, ಇವತ್ತು ಉಪ್ಪೇ ಇಲ್ವಲ್ಲ" ಅಂದರು ಊಟಕ್ಕೆ ಬಂದವರು. ಮರುದಿನ, "ಅಕ್ಕ, ಸಮುದ್ರದ ನೀರು ತಂದು ಸುರಿದ್ರಾ?" ಅಂದರು. ಎಂದೂ ಇಲ್ಲದವಳು ಚಮಚದಲ್ಲಿ ರುಚಿ ನೋಡತೊಡಗಿದಳು. ನೋಡಿದರೂ ಗೊತ್ತಾಗುತ್ತಿರಲಿಲ್ಲ, ಸಹಾಯಕ್ಕೆ ಇದ್ದವಳನ್ನು ಕರೆದು ಕೇಳುತ್ತಿದ್ದಳು. ಸೊಸೆಗೆ ನಾಚಿಕೆಯಾಗುತ್ತಿತ್ತು, ಭಯವೂ ಆಗುತ್ತಿತ್ತು.

ಒಂದು ಸಂಜೆ ಅಡುಗೆಮನೆಯ ಮೂಲೆಯಲ್ಲಿ ಉಳಿದಿದ್ದ ಆ ಪ್ಯಾಕೆಟ್ಟನ್ನು ಕಸಕ್ಕೆ ಹಾಕಲು ತೆಗೆದವಳು, ಏನೋ ನೆನಪಾಗಿ ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡಳು. ಮೊದಲು ಉಪ್ಪು, ಅದರ ಹಿಂದೆಯೇ ಕಹಿ. ತುಕ್ಕು ಹಿಡಿದ ಕಬ್ಬಿಣ ನೆಕ್ಕಿದಂಥ ಕಹಿ. ಮೂರು ಸಲ ಬಾಯಿ ಮುಕ್ಕಳಿಸಿದರೂ ಹೋಗಲಿಲ್ಲ. ಒದ್ದೆ ಕೈಯಲ್ಲೇ ಮಾವನ ಮಂಚದ ಹತ್ತಿರ ಹೋದಳು.

"ಮಾವ, ಆ ಉಪ್ಪು ಕಹಿ ಇತ್ತು."

"ಹೂಂ."

"ನಿಮಗೆ ಗೊತ್ತಾಗ್ಲಿಲ್ವಾ?"

"ಮೊದಲನೇ ತುತ್ತಿಗೇ ಗೊತ್ತಾಯ್ತು."

"ಮತ್ತೆ ಹದ ಅಂದ್ರಲ್ಲ!"

ಮಾವ ಗೋಡೆಯ ಕಡೆ ನೋಡಿದರು. "ಮಾತ್ರೆ ನುಂಗಿ ನುಂಗಿ ನನ್ನ ನಾಲಿಗೇನೇ ಕೆಟ್ಟಿರಬೇಕು ಅಂದ್ಕೊಂಡೆ. ನೀನು ಸೌಟು ಹಿಡ್ಕೊಂಡು ನಿಂತಿದ್ದೆ. ಹಿಟ್ಟು ಕೆಟ್ಟಿದ್ರೆ ಹಿಂದಕ್ಕೆ ತಳ್ಳಬಹುದು ಮಗಳೇ. ನಿನ್ನ ಮುಖಾನ ಹೇಗೆ ತಳ್ಳಲಿ?"

ಸೊಸೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒಂದು ಸಲ ತಾನು ರುಚಿ ನೋಡಿದ್ದರೆ ಸಾಕಿತ್ತು. ಒಂದು ಸಲ ಇವರು ತಟ್ಟೆ ಮುಂದಕ್ಕೆ ತಳ್ಳಿದ್ದರೂ ಸಾಕಿತ್ತು. ತನ್ನ ಜಂಬ, ಅವರ ಮರುಕ, ಎರಡೂ ಸೇರಿ ಈ ಮಂಚಕ್ಕೆ ತಂದು ಹಾಕಿದವು. ಈಗ ಅದನ್ನು ಯಾರಿಗೆ ಹೇಳಿ ಏನು ಮಾಡುವುದು?

ಅವಳು ಒಳಗೆ ಹೋಗಿ ಒಂದು ಮೊಟ್ಟೆ ಬೇಯಿಸಿ, ಸುಲಿದು, ನಾಲ್ಕು ಹೋಳು ಮಾಡಿ ತಂದಳು. ಮಾವನನ್ನು ಎಬ್ಬಿಸಿ ದಿಂಬಿಗೆ ಒರಗಿಸಿದಳು. ಅವರು ಒಂದು ಹೋಳು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಕಷ್ಟಪಟ್ಟು ನುಂಗಿದರು. ಸೊಸೆಯ ಮುಖ ನೋಡಿದರು.

"ಹದ," ಅಂದರು.

"ಮಾವ!" ಸೊಸೆ ಎಷ್ಟು ಜೋರಾಗಿ ಕೂಗಿದಳೆಂದರೆ ಹೊರಗೆ ವ್ಯಾನು ಒರೆಸುತ್ತಿದ್ದ ಗಂಡ ಬಾಗಿಲಿಗೆ ಬಂದ, ಓದುತ್ತಿದ್ದ ಲಾಯರಮ್ಮ ಎದ್ದು ನಿಂತಳು. "ಆ ಮಾತು ಇನ್ನು ಈ ಮನೇಲಿ ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ. ಹೇಗಿದೆ ಹಾಗೆ ಹೇಳಿ."

ಮಾವ ತಡವರಿಸಿದರು. "ಸಪ್ಪೆ," ಅಂದರು ಕೊನೆಗೆ.

ಸೊಸೆ ಒಂದು ಹೋಳು ತಾನೂ ಬಾಯಿಗೆ ಹಾಕಿಕೊಂಡು ಅಗಿದಳು. "ಹೌದು. ಸಪ್ಪೆ. ಇನ್ನೊಂದು ತಗೊಳ್ಳಿ."

ಅವರು ತೆಗೆದುಕೊಂಡರು.

"ಹೇಗಿದೆ?"

"ಮಣ್ಣು ತಿಂದ ಹಾಗಿದೆ."

"ಹೌದು ಮಾವ. ಇದೊಂದೇ ಉಳಿದಿರೋದು, ತಗೊಳ್ಳಿ."

ಮಾವ ಆ ಹೋಳನ್ನು ನೋಡಿದರು. ಕೈ ಮೇಲೆದ್ದು, ತಟ್ಟೆಯ ಹತ್ತಿರ ಬಂದು, ಹಾಗೇ ಹಿಂದಕ್ಕೆ ಹೋಗಿ ಹೊದಿಕೆಯ ಮೇಲೆ ಬಿತ್ತು. ಆಮೇಲೆ ಎರಡು ಬೆರಳಿನಿಂದ ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

"ಆಗಲ್ಲ ಮಗಳೇ. ಇದು ನಿಜ."

ಬಾಗಿಲಲ್ಲಿ ಗಂಡ ತಲೆ ತಗ್ಗಿಸಿದ. ನಿಜ ಹೇಳಿ ಎಂದು ಕೇಳಿದವಳು ತಾನೇ, ಈಗ ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ಅಳುವ ಹಾಗೂ ಇರಲಿಲ್ಲ. ಸೊಸೆ ತಟ್ಟೆಯನ್ನು ಒಳಗೆ ಒಯ್ಯಲಿಲ್ಲ, ಹಿಂದಕ್ಕೆ ತಳ್ಳಲೂ ಇಲ್ಲ. ಅದರ ಅಂಚು ಹಿಡಿದುಕೊಂಡು ಮಂಚದ ಪಕ್ಕದಲ್ಲೇ ಕೂತಳು.